ಮೊದಲ ಠಾಣೆಗೆ ಹೊರಟ ಪಿಎಸ್‌ಐಗೆ: ಚಾರ್ಜ್ ತಗೊಳ್ಳುವ ದಿನದಿಂದ ಚಾರ್ಜ್ ಕೊಡುವ ದಿನದವರೆಗೆ

ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲೋ ಕಲಬುರಗಿಯ ತರಬೇತಿ ಕಾಲೇಜಿನಲ್ಲೋ ಪರೇಡ್ ಮುಗಿಯುತ್ತದೆ. ಅಮ್ಮ ಬಂದು ಹೆಗಲ ಮೇಲಿನ ಎರಡು ನಕ್ಷತ್ರಗಳನ್ನು ಮುಟ್ಟಿ ನೋಡುತ್ತಾರೆ. ಅಪ್ಪ ಸ್ವಲ್ಪ ದೂರ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಅದಾಗಿ ಕೆಲವು ತಿಂಗಳಲ್ಲಿ ನೀವು ಯಾವುದೋ ತಾಲ್ಲೂಕಿನ ಠಾಣೆಯ ಮೆಟ್ಟಿಲು ಹತ್ತುತ್ತೀರಿ. ಸೆಂಟ್ರಿ ಸೆಲ್ಯೂಟ್ ಹೊಡೆಯುತ್ತಾನೆ. ಒಳಗೆ ನಿಮ್ಮಪ್ಪನ ವಯಸ್ಸಿನ ಎಎಸ್‌ಐ ಎದ್ದು ನಿಲ್ಲುತ್ತಾರೆ. ಅಲ್ಲಿಂದಾಚೆ ಏನು ಮಾಡಬೇಕು ಎನ್ನುವುದಕ್ಕೆ ಈ ಬರಹ.

ನಾನು ಇದೇ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಎಷ್ಟೋ ಮಂದಿ ಚುರುಕಾದ ಹುಡುಗ ಹುಡುಗಿಯರು ಪಿಎಸ್‌ಐ ಆಗಿ ಬಂದಿದ್ದನ್ನು ನೋಡಿದ್ದೇನೆ. ಅವರಲ್ಲಿ ಎಡವಿದವರು ಧೈರ್ಯ ಸಾಲದೆ ಎಡವಿದ್ದು ಕಡಿಮೆ. ಜಾಸ್ತಿ ಜನ ಎಡವಿದ್ದು ಕಾಗದದಲ್ಲಿ. ಅವತ್ತಿನದನ್ನು ಅವತ್ತೇ, ಕಂಡಿದ್ದನ್ನು ಕಂಡ ಹಾಗೆಯೇ ಬರೆದಿಡಲಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸುತ್ತಿ ಸುತ್ತಿ ಬರವಣಿಗೆಗೇ ಬರುತ್ತದೆ.

ಎಣಿಸಿ, ಆಮೇಲೆ ಸಹಿ ಹಾಕಿ

ಚಾರ್ಜ್ ಪಟ್ಟಿ ಮುಂದಿಟ್ಟು "ಸಾರ್, ಎಲ್ಲಾ ಸರಿ ಇದೆ, ಸೈನ್ ಮಾಡಿ" ಅನ್ನುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಒಂದು ದಿನ ತಡವಾದರೆ ಆಗಲಿ, ಎಣಿಸಿ.

ಮೊದಲು ಬಂದೂಕು ಮತ್ತು ಮದ್ದುಗುಂಡು. ರಿಜಿಸ್ಟರ್‌ನಲ್ಲಿರುವ ನಂಬರನ್ನು ಬಂದೂಕಿನ ಮೇಲಿನ ನಂಬರಿನ ಜೊತೆ ನೀವೇ ಹೋಲಿಸಿ ನೋಡಿ. ಆಮೇಲೆ ಜಪ್ತಿ ಮಾಲಿನ ಕೋಣೆ. ತಲೆನೋವು ಇರುವುದು ಇಲ್ಲಿಯೇ. ಹಳೇ ಬೈಕು, ಮರದ ತುಂಡು, ಸೀಲ್ ಮಾಡಿದ ಚೀಲ, ಚಿನ್ನದ ಪೊಟ್ಟಣ ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ಪಿಎಫ್ ರಿಜಿಸ್ಟರ್ (ಜಪ್ತಿ ಮಾಲು ದಾಖಲಿಸುವ ಪುಸ್ತಕ) ಹಿಡಿದು ಒಂದೊಂದನ್ನೂ ಟಿಕ್ ಮಾಡಿ. ಚಿನ್ನವಿದ್ದರೆ ಸೀಲ್ ಸರಿಯಾಗಿದೆಯಾ, ತೂಕ ಬರೆದಿದೆಯಾ ನೋಡಿ. ತಾಳೆ ಆಗದೇ ಇದ್ದರೆ ಯಾರ ಮೇಲೂ ಕೂಗಾಡಬೇಡಿ. ಠಾಣಾ ದಿನಚರಿಯಲ್ಲಿ ಬರೆಯಿರಿ, ಇನ್‌ಸ್ಪೆಕ್ಟರ್‌ಗೆ ವರದಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ನೀವು ಸಹಿ ಹಾಕಿದ ಮರುಕ್ಷಣದಿಂದ ಆ ಕೊರತೆ ನಿಮ್ಮದಾಗುತ್ತದೆ.

ಸಿಸಿಟಿವಿ ಕ್ಯಾಮೆರಾಗಳನ್ನೂ ನೋಡಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಲಾಕಪ್, ಪ್ರವೇಶದ್ವಾರ, ಒಳಗಿನ ಓಡಾಟದ ಜಾಗ ಎಲ್ಲವೂ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶ ಮಾಡಿದೆ. ಕ್ಯಾಮೆರಾ ಕೆಟ್ಟರೆ ಅದರ ಜವಾಬ್ದಾರಿ ಠಾಣಾಧಿಕಾರಿಯದು. ಕೆಟ್ಟಿದ್ದರೆ ಅವತ್ತೇ ಪತ್ರ ಬರೆಯಿರಿ. ಮುಂದೆ ಯಾರಾದರೂ ನಿಮ್ಮ ಮೇಲೆ ಸುಳ್ಳು ಆರೋಪ ಮಾಡಿದರೆ ಕಾಪಾಡುವುದು ಅದೇ ಕ್ಯಾಮೆರಾ.

ಮೊದಲ ವಾರ ಜೀಪಿನಿಂದ ಇಳಿದು ನಡೆಯಿರಿ

ಬೀಟ್ ಸಿಬ್ಬಂದಿಯ ಜೊತೆ ನಡೆದುಕೊಂಡು ಹೋಗಿ. ಸಂತೆ ಯಾವ ದಿನ, ಜಾತ್ರೆ ಯಾವ ತಿಂಗಳು, ಮೆರವಣಿಗೆ ಯಾವ ಬೀದಿಯಲ್ಲಿ ತಿರುಗುವಾಗ ಮಾತಿಗೆ ಮಾತು ಬೆಳೆಯುತ್ತದೆ, ಯಾವ ತಿರುವಿನಲ್ಲಿ ಪದೇ ಪದೇ ಅಪಘಾತ ಆಗುತ್ತದೆ, ಹೆಣ್ಣುಮಕ್ಕಳ ಹಾಸ್ಟೆಲ್ ಮುಂದೆ ಸಂಜೆ ಯಾರು ಬೈಕು ನಿಲ್ಲಿಸುತ್ತಾರೆ. ಇದೆಲ್ಲ ಫೈಲಿನಲ್ಲಿ ಸಿಗುವುದಿಲ್ಲ. ಬೀಟ್ ಕಾನ್‌ಸ್ಟೆಬಲ್‌ಗೆ ಗೊತ್ತಿರುತ್ತದೆ, ಟೀ ಅಂಗಡಿಯವನಿಗೆ ಇನ್ನೂ ಜಾಸ್ತಿ ಗೊತ್ತಿರುತ್ತದೆ. ಒಂದು ಜೇಬು ಪುಸ್ತಕ ಇಟ್ಟುಕೊಂಡು ರಾತ್ರಿ ಮಲಗುವ ಮುಂಚೆ ಬರೆಯಿರಿ.

ಇನ್ನೊಂದು ಕೆಲಸ. ಹಳೇ ಫೈಲುಗಳಲ್ಲಿ ಖುಲಾಸೆಯಾದ ಐದು ಕೇಸುಗಳ ತೀರ್ಪು ತರಿಸಿ ಓದಿ. ನ್ಯಾಯಾಧೀಶರು ಎಲ್ಲಿ ಬೆರಳು ತೋರಿಸಿದ್ದಾರೆ ನೋಡಿ. ಒಂದು ವರ್ಷದ ತರಬೇತಿ ಕಲಿಸದ್ದನ್ನು ಆ ಐದು ತೀರ್ಪು ಕಲಿಸುತ್ತವೆ.

ದೂರು: ಬಂದವರ ಮಾತು ಅವರ ಬಾಯಲ್ಲೇ ಇರಲಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕೇಸು ಗೆಲ್ಲುವುದೂ ಸೋಲುವುದೂ ಬಹಳ ಸಲ ಮೊದಲ ಆ ಎರಡು ಪುಟದಲ್ಲೇ.

ನಾನು ಹೊಸದಾಗಿ ಠಾಣೆಗೆ ಬಂದಿದ್ದಾಗ ಒಂದು ರಾತ್ರಿ ವಯಸ್ಸಾದ ಹೆಂಗಸೊಬ್ಬರು ಮೊಮ್ಮಗನ ಕೈ ಹಿಡಿದು ಬಂದರು. ಕತ್ತಿನಲ್ಲಿದ್ದ ಮಾಂಗಲ್ಯ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋಗಿದ್ದರು. ಕತ್ತಿನ ಮೇಲೆ ಕೆಂಪು ಗೆರೆ ಇನ್ನೂ ಹಾಗೇ ಇತ್ತು. "ಸಾಮಿ, ಹಿಂದ್ಗಡೆ ಕೂತಿದ್ದೋನ ಬಲಗೈಗೆ ಕರೀ ದಾರ ಕಟ್ಟಿತ್ತು. ಕಿರುಬೆರಳು ಅರ್ಧ ಇತ್ತು" ಅಂದರು. ನಾನು ಕೇಳಿಸಿಕೊಂಡೆ, ಆದರೆ ಬಂದೋಬಸ್ತ್‌ಗೆ ಹೊರಡುವ ಅವಸರದಲ್ಲಿದ್ದೆ. ದೂರು ಬರೆದುಕೊಳ್ಳಲು ರೈಟರ್‌ಗೆ (ಠಾಣೆಯ ಬರವಣಿಗೆ ಕೆಲಸ ನೋಡಿಕೊಳ್ಳುವ ಸಿಬ್ಬಂದಿಗೆ) ಹೇಳಿ ಹೊರಟೆ. ರೈಟರ್ ಎಂದಿನ ರೂಢಿಯಲ್ಲಿ ಬರೆದರು: "ಯಾರೋ ಇಬ್ಬರು ಅಪರಿಚಿತ ವ್ಯಕ್ತಿಗಳು ದ್ವಿಚಕ್ರ ವಾಹನದಲ್ಲಿ ಬಂದು ಕಿತ್ತುಕೊಂಡು ಹೋಗಿರುತ್ತಾರೆ." ಕರೀ ದಾರವೂ ಇಲ್ಲ, ಕಿರುಬೆರಳೂ ಇಲ್ಲ.

ಆರೋಪಿಗಳು ಸಿಕ್ಕರು. ಒಬ್ಬನ ಕಿರುಬೆರಳು ನಿಜವಾಗಿಯೂ ಅರ್ಧವೇ ಇತ್ತು. ಆಕೆ ಸಾಕ್ಷಿ ಕಟ್ಟೆ ಹತ್ತಿ ಅದನ್ನೇ ಹೇಳಿದರು. ಎದುರು ವಕೀಲರು ಒಂದೇ ಪ್ರಶ್ನೆ ಕೇಳಿದರು: "ಈ ಬೆರಳಿನ ವಿಚಾರ ದೂರಿನಲ್ಲಿ ಎಲ್ಲಿದೆ?" ಪೊಲೀಸರು ಆಮೇಲೆ ಹೇಳಿಕೊಟ್ಟ ಮಾತು ಎಂದಾಯಿತು. ಖುಲಾಸೆ. ಹೊರಗೆ ಬಂದ ಮೇಲೆ ಆಕೆ ನನ್ನನ್ನು ನೋಡಿ, "ಅವತ್ತೇ ಹೇಳಿದ್ನಲ್ಲಾ ಸಾಮಿ" ಅಂದರು. ಅಷ್ಟೇ. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ಅದಕ್ಕೇ ಹೇಳುತ್ತೇನೆ, ಹೀಗೆ ಮಾಡಿ. ಬಂದವರನ್ನು ಕೂರಿಸಿ, ನೀರು ಕೊಡಿ. ಮೊದಲ ಹತ್ತು ನಿಮಿಷ ಏನೂ ಬರೆಯಬೇಡಿ, ಸುಮ್ನೆ ಕೇಳಿ. ಎರಡನೇ ಸಲ ಹೇಳುವಾಗ ಬರೆಯಿರಿ. ಅವರು "ಮುಸ್ಸಂಜೆ, ದನ ಕಟ್ಟೋ ಹೊತ್ತು" ಅಂದರೆ ಹಾಗೆಯೇ ಬರೆದು, ಪಕ್ಕದಲ್ಲಿ ಸುಮಾರು ಎಷ್ಟು ಗಂಟೆ ಎಂದು ಕೇಳಿ ಬರೆಯಿರಿ. ಗಾಡಿ, ಬಟ್ಟೆ, ಗಾಯ, ಆಡಿದ ಮಾತು, ಹತ್ತಿರ ಯಾರಿದ್ದರು ಎಲ್ಲವೂ ಬರಲಿ. ಕೊನೆಗೆ ನಿಧಾನವಾಗಿ ಓದಿ ಹೇಳಿ. "ಇದರಲ್ಲಿ ಏನಾದರೂ ಬಿಟ್ಟಿದ್ದೀನಾ ಅಮ್ಮಾ?" ಎಂದು ಕೇಳಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಘಟನೆ ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. "ಇದು ನಮ್ಮ ಲಿಮಿಟ್ಸ್ ಅಲ್ಲ" ಎಂದು ವಾಪಸ್ ಕಳಿಸುವ ಹಾಗಿಲ್ಲ. ಝೀರೊ ಎಫ್‌ಐಆರ್ (ಸರಹದ್ದು ನೋಡದೆ ದಾಖಲಿಸುವ ಎಫ್‌ಐಆರ್) ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಿ. ಮೊಬೈಲ್‌ನಲ್ಲೋ ಇಮೇಲ್‌ನಲ್ಲೋ ದೂರು ಬಂದರೆ ಕೊಟ್ಟವರು 3 ದಿನದೊಳಗೆ ಬಂದು ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಲಿ ಬಿಡಲಿ. ಸಂಜ್ಞೇಯ ಅಪರಾಧವೆಂದು (ವಾರಂಟ್ ಇಲ್ಲದೆ ಪೊಲೀಸರು ದಸ್ತಗಿರಿ ಮಾಡಬಹುದಾದ ಅಪರಾಧ) ಕಂಡರೆ ಎಫ್‌ಐಆರ್ ಮಾಡಲೇಬೇಕು ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಅನುಮತಿಯಿಲ್ಲದೆ "ವಿಚಾರಣೆಯಲ್ಲಿದೆ" ಎಂದು ಅರ್ಜಿ ಇಟ್ಟುಕೊಂಡು ಕೂರಬೇಡಿ. ಅತ್ಯಾಚಾರದಂಥ ಅಪರಾಧದ ದೂರು ದಾಖಲಿಸದೇ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 199ರ ಪ್ರಕಾರ ಅಧಿಕಾರಿಗೇ ಜೈಲು, ಕನಿಷ್ಠ 6 ತಿಂಗಳು.

ಮಗು ಕಾಣೆಯಾಗಿದೆ ಎಂದು ಬಂದರೆ "ನೆಂಟರ ಮನೆಗೆ ಹೋಗಿರಬಹುದು, ನಾಳೆ ನೋಡೋಣ" ಎನ್ನಬೇಡಿ. ಕೂಡಲೇ ಕೇಸು ಮಾಡಿ. ಸೈಬರ್ ವಂಚನೆಯಾದರೆ ದೂರು ಟೈಪ್ ಮಾಡುವುದಕ್ಕಿಂತ ಮುಂಚೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ, ತಡೆಯಲು ಸಿಗುವುದು ಆ ಮೊದಲ ಗಂಟೆಗಳೇ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಪ್ರಕರಣದಲ್ಲಿ ಮಗುವಿನ ಹೇಳಿಕೆ ಬರೆದುಕೊಳ್ಳಲು ಸಮವಸ್ತ್ರದಲ್ಲಿ ಹೋಗಬಾರದು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು.

ಬದು, ಬೇಲಿ, ಬಾಡಿಗೆ, ಸಾಲ ವಸೂಲಿ ಅಂತ ಬರುವವರು ಬಹಳ. ಇಂಥ ಸಿವಿಲ್ ವ್ಯಾಜ್ಯವನ್ನು ಠಾಣೆಯಲ್ಲಿ ಕೂರಿಸಿ ಪಂಚಾಯ್ತಿ ಮಾಡಬೇಡಿ. ಒಂದು ಸಲ ಶುರುವಾದರೆ ಅದು ನಿಲ್ಲುವುದಿಲ್ಲ, ಕೆಟ್ಟ ಹೆಸರೂ ತಪ್ಪುವುದಿಲ್ಲ. ಹೊಡೆದಾಟದ ಭಯವಿದ್ದರೆ ಎರಡೂ ಕಡೆಯವರ ಮೇಲೆ ಮುಂಜಾಗ್ರತಾ ಕ್ರಮ ತೆಗೆದುಕೊಳ್ಳಿ, ಆಸ್ತಿಯ ವಿಚಾರಕ್ಕೆ ಕೋರ್ಟಿಗೆ ಹೋಗಿ ಎಂದು ಬರವಣಿಗೆಯಲ್ಲೇ ಹಿಂಬರಹ ಕೊಡಿ.

ಸ್ಥಳಕ್ಕೆ ಹೋಗಿ, ಅಲ್ಲೇ ಬರೆಯಿರಿ

ಮಹಜರನ್ನು, ಅಂದರೆ ಸ್ಥಳದಲ್ಲಿ ಕಂಡದ್ದರ ದಾಖಲೆಯನ್ನು, ಠಾಣೆಯಲ್ಲಿ ಕೂತು ಬರೆಯುವ ಚಾಳಿ ಕೆಲವು ಕಡೆ ಇದೆ. ತೋಟದ ಪಂಪ್‌ಸೆಟ್ ಕೇಬಲ್ ಕಳವಿನ ಒಂದು ಕೇಸು ನೆನಪಿದೆ. ಮಹಜರಿನ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಪೂರ್ವಕ್ಕೆ ರಸ್ತೆ ಎಂದಿತ್ತು. ನಿಜವಾಗಿ ಪೂರ್ವಕ್ಕೆ ಇದ್ದದ್ದು ಕೆರೆ ಏರಿ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರನ್ನು ಕೇಳಿದರೆ "ಹೋಟೆಲ್ ಹತ್ರ ಸೈನ್ ಹಾಕಿಸಿಕೊಂಡ್ರು" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತಲ್ವಾ?

ಸ್ಥಳದಲ್ಲೇ ನಿಂತು ದಿಕ್ಕು ನೋಡಿ, ಹೆಜ್ಜೆ ಅಳೆದು ನಕ್ಷೆ ಹಾಕಿ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಬೆಳಕು ಎಲ್ಲಿಂದ ಬರುತ್ತಿತ್ತು ಎನ್ನುವುದನ್ನೂ ಬರೆಯಿರಿ. ರಾತ್ರಿ ಘಟನೆಯಾದರೆ ಬೀದಿದೀಪ ಎಷ್ಟು ದೂರದಲ್ಲಿತ್ತು ಎನ್ನುವ ಒಂದು ಸಾಲು ಮುಂದೆ ಗುರುತು ಹಿಡಿದ ಸಾಕ್ಷಿಯನ್ನು ಉಳಿಸುತ್ತದೆ. ಪಂಚರು ಆ ಊರಿನ, ಓದು ಬರಹ ಬರುವ, ನಾಳೆ ಕೋರ್ಟಿಗೆ ಬರಬಲ್ಲ ಜನ ಆಗಿರಲಿ. ಯಾವಾಗಲೂ ಠಾಣೆಯ ಸುತ್ತ ಸಿಗುವ ಅದೇ ಇಬ್ಬರು ಬೇಡ.

ಈಗ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದು ಕಡ್ಡಾಯ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105. ಇ-ಸಾಕ್ಷ್ಯ ಆ್ಯಪ್ ಅದಕ್ಕೇ ಇರುವುದು. ಬಾಗಿಲು ತೆಗೆಯುವ ಮುಂಚೆಯೇ ರೆಕಾರ್ಡಿಂಗ್ ಶುರು ಮಾಡಿ, ಪಟ್ಟಿಗೆ ಸಹಿಯಾಗುವವರೆಗೆ ನಿಲ್ಲಿಸಬೇಡಿ. ಫೋನಿನ ಚಾರ್ಜ್ ನೋಡಿಕೊಂಡು ಹೊರಡಿ, ಪವರ್ ಬ್ಯಾಂಕ್ ಜೀಪಿನಲ್ಲೇ ಇರಲಿ. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅವರು ಬರುವವರೆಗೆ ಯಾರೂ ತುಳಿಯದ ಹಾಗೆ ಹಗ್ಗ ಕಟ್ಟಿಸಿ, ಒಬ್ಬರನ್ನು ನಿಲ್ಲಿಸಿ. ಸಿಸಿಟಿವಿ ದೃಶ್ಯ, ಮೊಬೈಲ್ ಸಂದೇಶ ಇಂಥವನ್ನು ತೆಗೆದುಕೊಂಡರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಆಗಲೇ ಮಾಡಿಸಿ. ಎರಡು ವರ್ಷ ಬಿಟ್ಟು ಅಂಗಡಿಯವನನ್ನು ಹುಡುಕಿಕೊಂಡು ಹೋದರೆ ಅಂಗಡಿಯೇ ಇರುವುದಿಲ್ಲ.

ದಸ್ತಗಿರಿ: ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಆರೋಪ ಬಂದ ಕೂಡಲೇ ಹಿಡಿದು ತರಬೇಕೆಂಬ ನಿಯಮ ಎಲ್ಲೂ ಇಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಯಾಕೆ ಬೇಕು ಎಂದು ಬರೆದಿಡಬೇಕು. ಬೇಡವಾದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸ್ ಕೊಟ್ಟು ಕರೆಸಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನ ತಿರುಳೂ ಇದೇ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಆರೋಪಿ 60 ದಾಟಿದವರೋ ನಿಶ್ಶಕ್ತರೋ ಆಗಿದ್ದರೆ ಡಿವೈಎಸ್‌ಪಿ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ದಸ್ತಗಿರಿ ಮಾಡಬಾರದು. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು.

ದಸ್ತಗಿರಿ ಮಾಡಿದಿರಿ ಅಂದುಕೊಳ್ಳಿ. ದಸ್ತಗಿರಿ ಮೆಮೊ ಬರೆದು ಮನೆಯವರ ಅಥವಾ ಊರಿನ ಒಬ್ಬರ ಸಹಿ ತೆಗೆದುಕೊಳ್ಳಿ. ಕಾರಣಗಳನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೈಗೆ ಕೊಡಿ. ನೆಂಟರಿಗೋ ಸ್ನೇಹಿತರಿಗೋ ತಿಳಿಸಿ, ತಿಳಿಸಿದ ಹೊತ್ತು ಮತ್ತು ಫೋನ್ ನಂಬರ್ ದಿನಚರಿಯಲ್ಲಿ ಬರೆಯಿರಿ. ವೈದ್ಯಕೀಯ ತಪಾಸಣೆ ಮಾಡಿಸಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಈ 24 ಗಂಟೆ ಶುರುವಾಗುವುದು ನೀವು ಮೆಮೊ ಬರೆದ ಹೊತ್ತಿನಿಂದಲ್ಲ, ಆತ ನಿಮ್ಮ ವಶಕ್ಕೆ ಬಂದ ಹೊತ್ತಿನಿಂದ. "ಎರಡು ದಿನ ಇಟ್ಟುಕೊಂಡು ಆಮೇಲೆ ತೋರಿಸೋಣ" ಎಂದು ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಬೇಡ ಎನ್ನಿ.

ಹೊಡೆಯಬೇಡಿ. ಇದನ್ನು ಇಷ್ಟು ನೇರವಾಗಿಯೇ ಹೇಳಬೇಕು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸ್ವಇಚ್ಛಾ ಹೇಳಿಕೆಯಿಂದ ಹೊಸದಾಗಿ ಏನು ಸಿಕ್ಕಿತೋ ಅಷ್ಟು ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಲಾಕಪ್ಪಿನಲ್ಲಿ ಇರುವವನೂ ಒಬ್ಬ ತಾಯಿಯ ಮಗ. ಅವನಿಗೆ ಅಲ್ಲಿ ಏನಾದರೂ ಆದರೆ ಒಂದು ಮನೆ ಹಾಳಾಗುತ್ತದೆ, ಜೊತೆಗೆ ನಿಮ್ಮದೂ, ಆ ರಾತ್ರಿ ಡ್ಯೂಟಿಯಲ್ಲಿದ್ದ ಕಾನ್‌ಸ್ಟೆಬಲ್‌ಗಳದ್ದೂ.

ಕೇಸ್ ಡೈರಿ ಬಾಕಿ ಇಡಬೇಡಿ

ಹಬ್ಬದ ಬಂದೋಬಸ್ತ್, ಮಂತ್ರಿಗಳ ಪ್ರವಾಸ, ಅಪಘಾತ, ನಡುರಾತ್ರಿ 112ರ ಕರೆ. ಇದರ ನಡುವೆ ಸಿಡಿ, ಅಂದರೆ ತನಿಖೆಯ ದಿನದಿನದ ದಾಖಲೆಯಾದ ಕೇಸ್ ಡೈರಿ, ಬರೆಯುವುದಕ್ಕೆ ಸಮಯ ಎಲ್ಲಿದೆ ಎನ್ನುತ್ತೀರಿ. ನಿಜ, ನನಗೂ ಗೊತ್ತು. ಆದರೂ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 192 ದಿನದಿನವೂ ಬರೆಯಿರಿ ಎನ್ನುತ್ತದೆ. ರಾತ್ರಿ ಇಪ್ಪತ್ತು ನಿಮಿಷ ಮೀಸಲಿಡಿ. ಎಲ್ಲಿಗೆ ಹೋದಿರಿ, ಯಾರನ್ನು ಕೇಳಿದಿರಿ, ಏನು ಸಿಗಲಿಲ್ಲ. ಸಿಗದೇ ಇದ್ದದ್ದನ್ನೂ ಬರೆಯಿರಿ. ಹದಿನೈದು ದಿನದ್ದನ್ನು ಒಟ್ಟಿಗೆ ಬರೆದರೆ ಒಂದೇ ಶಾಯಿ, ಒಂದೇ ಧಾಟಿ. ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ.

ಸಾಕ್ಷಿಗಳ ಹೇಳಿಕೆಗೆ ಅವರ ಸಹಿ ಹಾಕಿಸಬಾರದು ಎನ್ನುವುದನ್ನು ಹೊಸಬರು ಮರೆಯುತ್ತಾರೆ. ಹೆಂಗಸರನ್ನೂ 15ರೊಳಗಿನ, 60 ದಾಟಿದ ಗಂಡಸರನ್ನೂ ಹೇಳಿಕೆಗೆಂದು ಠಾಣೆಗೆ ಕರೆಸಬಾರದು. ಅವರ ಮನೆಗೇ ಹೋಗಿ. ಹತ್ತು ಸಾಕ್ಷಿಗಳ ಹೇಳಿಕೆಯೂ ಅಕ್ಷರ ಬಿಡದೆ ಒಂದೇ ಥರ ಇದ್ದರೆ ಕೋರ್ಟು ಒಂದನ್ನೂ ನಂಬುವುದಿಲ್ಲ.

ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಹಾಕಿ. ಆರೋಪಿ ಬಂಧನದಲ್ಲಿರುವ ಪ್ರತಿ ಕೇಸಿನ 60ನೇ ಅಥವಾ 90ನೇ ದಿನಕ್ಕೆ ಕೆಂಪು ಗುರುತು ಮಾಡಿ. ಅಷ್ಟರಲ್ಲಿ ದೋಷಾರೋಪಣಾ ಪಟ್ಟಿ ಹೋಗದಿದ್ದರೆ ಆತನಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ದೂರು ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕು. ಅದಕ್ಕೆ ನೀಲಿ ಗುರುತು. ಒಂದು ಫೋನ್ ಮಾಡಿ, ಒಂದು ಸಂದೇಶವನ್ನೂ ಕಳಿಸಿ. ಜನ ಠಾಣೆಗೆ ಅಲೆದು ಅಲೆದು ಬೇಸತ್ತಿರುತ್ತಾರೆ. ನಾವಾಗಿ ಫೋನ್ ಮಾಡಿದರೆ ಎಷ್ಟು ಸಮಾಧಾನ ಆಗುತ್ತದೆ ಎಂದು ನೀವೇ ನೋಡುತ್ತೀರಿ.

ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವ ಹಿಂದಿನ ಸಂಜೆ ಫೈಲ್ ಪೂರ್ತಿ ಓದಿ, ಸರ್ಕಾರಿ ಅಭಿಯೋಜಕರನ್ನು ಭೇಟಿ ಮಾಡಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ.

ಫೋನುಗಳು

ಶಾಸಕರ ಕಡೆಯವರು, ಸಂಘದವರು, ಪತ್ರಕರ್ತರು, ನಿಮ್ಮದೇ ಊರಿನ ನೆಂಟರು ಎಲ್ಲರೂ ಫೋನ್ ಮಾಡುತ್ತಾರೆ. ಒರಟಾಗಿ ಮಾತಾಡಬೇಡಿ. "ನೋಡುತ್ತೇನೆ ಸಾರ್, ಕಾನೂನಿನಲ್ಲಿ ಏನಿದೆಯೋ ಹಾಗೆ ಮಾಡುತ್ತೇನೆ" ಎಂದರೆ ಸಾಕು. ಅವರು ಫೋನ್ ಮಾಡುವ ಮುಂಚೆಯೇ ಎಫ್‌ಐಆರ್ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೇಗ ಬರೆಯುವುದರಿಂದ ಆಗುವ ದೊಡ್ಡ ಲಾಭ ಇದೇ. ಮೇಲಧಿಕಾರಿ ಬಾಯಿಮಾತಿನಲ್ಲಿ ಆದೇಶ ಕೊಟ್ಟರೆ ಪಾಲಿಸಿದ ಮೇಲೆ "ತಮ್ಮ ಮೌಖಿಕ ಆದೇಶದಂತೆ" ಎಂದು ಒಂದು ಸಾಲಿನ ವರದಿ ಕಳಿಸಿ. ಕಾನೂನಿಗೆ ವಿರುದ್ಧವಾದ ಆದೇಶವಾದರೆ ಲಿಖಿತವಾಗಿ ಕೊಡಿ ಎಂದು ವಿನಯದಿಂದ ಕೇಳಿ. ಹಾಗೆ ಕೇಳಿದಾಗ ಲಿಖಿತ ಆದೇಶ ಬಂದಿದ್ದನ್ನು ನಾನು ಕಂಡಿಲ್ಲ.

ವರ್ಗಾವಣೆಯ ಹೆದರಿಕೆ ತೋರಿಸುತ್ತಾರೆ. ಠಾಣಾಧಿಕಾರಿಗೆ ಕನಿಷ್ಠ 2 ವರ್ಷದ ಅವಧಿ ಇರಬೇಕೆಂದು 2006ರ ಪ್ರಕಾಶ್ ಸಿಂಗ್ ತೀರ್ಪು ಹೇಳುತ್ತದೆ, ಆದರೂ ಮಧ್ಯದಲ್ಲೇ ವರ್ಗವಾಗುವುದುಂಟು. ಬಟ್ಟೆಬರೆ ಎರಡು ಪೆಟ್ಟಿಗೆಯಲ್ಲಿ ಹಿಡಿಯುವಷ್ಟೇ ಇಟ್ಟುಕೊಳ್ಳಿ. ಮೊದಲ ಕೆಲವು ವರ್ಷ ದೊಡ್ಡ ಸಾಲ ಮಾಡಿ ಸೈಟು, ಕಾರು ಎಂದು ಹೊರಡಬೇಡಿ. ಕಂತಿನ ಭಾರ ಇರುವವನನ್ನು ಬಗ್ಗಿಸುವುದು ಸುಲಭ. ಯಾರೋ ಹಬ್ಬಕ್ಕೆಂದು ಕಳಿಸಿದ ಕವರನ್ನು ಅದೇ ಕೈಯಲ್ಲಿ, ಸಿಬ್ಬಂದಿಯ ಎದುರೇ ವಾಪಸ್ ಕಳಿಸಿ. ಮೊದಲ ತಿಂಗಳಲ್ಲಿ ಒಂದು ಸಲ ಹೀಗೆ ಮಾಡಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ.

ನಿಮ್ಮ ಜೊತೆಗಿರುವವರು

ಬೆಳಗಿನ ರೋಲ್‌ಕಾಲ್‌ನಲ್ಲಿ ಬೈಯುವುದನ್ನು ಬಿಡಿ. ತಪ್ಪಿದ್ದರೆ ಒಬ್ಬರನ್ನೇ ಕರೆದು ಹೇಳಿ. ವಾರದ ರಜೆಯ ಪಟ್ಟಿಯನ್ನು ನೀವೇ ಬರೆದು ಗೋಡೆಗೆ ಅಂಟಿಸಿ, ಅಂಟಿಸಿದ ಮೇಲೆ ಆದಷ್ಟೂ ತಪ್ಪಿಸಬೇಡಿ. ಮಗಳ ಶಾಲಾ ವಾರ್ಷಿಕೋತ್ಸವಕ್ಕೆ ಎರಡು ಗಂಟೆ ಬಿಟ್ಟುಕೊಟ್ಟ ಅಧಿಕಾರಿಯನ್ನು ಕಾನ್‌ಸ್ಟೆಬಲ್ ಮರೆಯುವುದಿಲ್ಲ. ಮಹಿಳಾ ಸಿಬ್ಬಂದಿಯನ್ನು ದಿನವಿಡೀ ಬಂದೋಬಸ್ತ್‌ಗೆ ಕಳಿಸುವಾಗ ಅಲ್ಲಿ ಶೌಚಾಲಯ ಇದೆಯಾ ಎಂದು ಮೊದಲೇ ವಿಚಾರಿಸಿ. ಹಿರಿಯ ಎಎಸ್‌ಐ ಅನ್ನು ಜನರ ಮುಂದೆ ಏಕವಚನದಲ್ಲಿ ಕರೆಯಬೇಡಿ. ಮತ್ತೆ ನಿಮ್ಮ ನಿದ್ದೆ, ಊಟ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ. ಆರೋಗ್ಯ ಭಾಗ್ಯ ಯೋಜನೆಯ ಕಾರ್ಡನ್ನು ಮೊದಲ ತಿಂಗಳೇ ಮಾಡಿಸಿ.

ಮುಂದೆ ಇನ್‌ಸ್ಪೆಕ್ಟರ್, ಡಿವೈಎಸ್‌ಪಿ ಎಂದು ಬಡ್ತಿ ಬರುತ್ತದೆ, ನಿಧಾನವಾಗಿ. ಕೆಪಿಎಸ್‌ಸಿ, ಯುಪಿಎಸ್‌ಸಿ ಬರೆಯುವ ಆಸೆಯಿದ್ದರೆ ಇಲಾಖೆಯ ಅನುಮತಿ ಪಡೆದೇ ಅರ್ಜಿ ಹಾಕಿ. ಸೈಬರ್ ತನಿಖೆಯ ತರಬೇತಿಗೆ ಹೆಸರು ಕೇಳಿದರೆ ಮೊದಲು ಕೈ ಎತ್ತಿ.

ಚಾರ್ಜ್ ಕೊಡುವ ದಿನ

ವರ್ಗಾವಣೆ ಆದೇಶ ಒಂದು ದಿನ ಬಂದೇ ಬರುತ್ತದೆ, ಸಾಮಾನ್ಯವಾಗಿ ಸಂಜೆ ಹೊತ್ತಿಗೆ. ರಾತ್ರೋರಾತ್ರಿ ಹೊರಡಬೇಡಿ. ತನಿಖೆಯಲ್ಲಿರುವ ಪ್ರತಿ ಫೈಲಿನ ಮೇಲೂ ಒಂದು ಹಾಳೆ ಪಿನ್ ಮಾಡಿ. ಏನು ಆಗಿದೆ, ಏನು ಬಾಕಿ ಇದೆ, ಯಾವ ವರದಿ ಪ್ರಯೋಗಾಲಯದಿಂದ ಬರಬೇಕು, ಯಾವ ಸಾಕ್ಷಿ ಹೆದರಿದ್ದಾರೆ, 60ನೇ ದಿನ ಯಾವತ್ತು. ಜಪ್ತಿ ಮಾಲನ್ನು ಬಂದವರ ಎದುರು ಎಣಿಸಿ ಕೊಡಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಆಮೇಲೆ ದೂರು ಕೊಟ್ಟು ಕಾಯುತ್ತಿರುವವರಿಗೆ ಫೋನ್ ಮಾಡಿ, "ನನಗೆ ವರ್ಗ ಆಗಿದೆ, ಹೊಸ ಸಾಹೇಬರಿಗೆ ನಿಮ್ಮ ಕೇಸಿನ ವಿಚಾರ ಪೂರ್ತಿ ಹೇಳಿದ್ದೇನೆ" ಎಂದು ಹೇಳಿ. ಹೇಳುವ ಮುಂಚೆ ಹೊಸಬರನ್ನು ಕೂರಿಸಿಕೊಂಡು ನಿಜವಾಗಿಯೂ ಹೇಳಿರಿ. ಅದಕ್ಕೆ ಅರ್ಧ ದಿನ ಬೇಕು, ಬಸ್ಸನ್ನು ಮಾರನೇ ದಿನಕ್ಕೆ ಬುಕ್ ಮಾಡಿ.